ಕೊಳಗದಡಿಯ ರೂಟರ್

ನನಗೆ ಸುಮ್ಮನೆ ಕೂರಲು ಬರುವುದಿಲ್ಲ. ಕಾಲಿಗೆ ಚಕ್ರ ಕಟ್ಟಿಕೊಂಡು ಹುಟ್ಟಿದವನು ಎಂದು ನಮ್ಮಮ್ಮ ಹೇಳುತ್ತಿದ್ದಳು. ಭೂಮಾಪನ ಇಲಾಖೆಯಲ್ಲಿ ಸರ್ವೆಯರ್ ಆಗಿ ಸೇರಿದ ಮೇಲೆ ಆ ಚಕ್ರಕ್ಕೆ ಸರ್ಕಾರವೇ ಸಂಬಳ ಕೊಟ್ಟಿತು. ಹೊಲದ ಬದುವಿನ ಮೇಲೆ ಸರಪಳಿ ಎಳೆಸಿಕೊಂಡು ಓಡಾಡುವುದು, ಎಲ್ಲಿ ತಕರಾರೋ ಅಲ್ಲಿ ಅಳೆದು ಕಲ್ಲು ನೆಡಿಸಿ ಬರುವುದು, ಇದೇ ನನ್ನ ಉದ್ಯೋಗ. ಅಳೆದರೆ ಯಾವ ತಕರಾರೂ ಬಗೆಹರಿಯುತ್ತದೆ ಎಂಬ ನಂಬಿಕೆ ಆಗ ಬಂದದ್ದು ನಿವೃತ್ತಿಯಾದ ಮೇಲೂ ಹೋಗಲಿಲ್ಲ.

ನನ್ನ ಹೆಂಡತಿ ಅದಕ್ಕೆ ತದ್ವಿರುದ್ಧ. ಕೂತಲ್ಲೇ ಕೂತು ಬಾಯಲ್ಲಿ ಊರು ಸುತ್ತಿಸುವವಳು. ಸರಸ್ವತಿಪುರಂನಲ್ಲಿ ನಮ್ಮ ಮನೆಯಿಂದ ನಾಲ್ಕು ಹೆಜ್ಜೆಯ ಟ್ಯುಟೋರಿಯಲ್ ಒಂದರಲ್ಲಿ ವರ್ಷಗಟ್ಟಲೆ ಗಣಿತ ಹೇಳಿಕೊಟ್ಟಳು. ಅವಳ ಪಾಠ ಕಿಟಕಿ ದಾಟಿ ಬೀದಿಯ ಆಟೋ ಸ್ಟ್ಯಾಂಡಿನವರೆಗೂ ಕೇಳುತ್ತಿತ್ತು. "ಮೇಡಮ್ನೋರ ದಯೆಯಿಂದ ನಂಗೂ ಅರ್ಧಂಬರ್ಧ ಲೆಕ್ಕ ಬರ್ತದೆ ಸಾರ್" ಎಂದು ಅಲ್ಲಿನ ಡ್ರೈವರ್ ಒಬ್ಬರು ನನ್ನನ್ನು ಕಂಡಾಗಲೆಲ್ಲ ನಗುತ್ತಿದ್ದರು. ನಮಗೆ ಮಕ್ಕಳಿಲ್ಲ. ಆದರೆ ಮೈಸೂರಿನ ಯಾವ ಬ್ಯಾಂಕಿಗೆ ಹೋಗಲಿ, ಯಾವ ಮದುವೆ ಮನೆಗೆ ಹೋಗಲಿ, "ನಮಸ್ತೆ ಮೇಡಂ" ಎಂದು ಯಾರಾದರೂ ಎದ್ದು ನಿಲ್ಲುತ್ತಿದ್ದರು. ಅವಳು ಅವರೊಡನೆ ಮಾತಿಗೆ ನಿಂತರೆ ನಾನು ಬೀದಿಯನ್ನು ಎರಡು ಸುತ್ತು ಹಾಕಿ ಬರುತ್ತಿದ್ದೆ.

ಈ ಸಲದ ಬೇಸಿಗೆಯಲ್ಲಿ ಒಂದು ಬೆಳಿಗ್ಗೆ ಅವಳಿಗೆ ಸ್ಟ್ರೋಕ್ ಆಯಿತು. ಕಾಲು ಬೇಗ ಸುಧಾರಿಸಿತು, ಬಲಗೈ ಸ್ವಲ್ಪ ಸೋತೇ ಉಳಿಯಿತು. ನಿಜವಾಗಿ ಹೋದದ್ದು ಮಾತು. ಬುದ್ಧಿಗೆ ಏನೂ ಆಗಿರಲಿಲ್ಲ. ಹದಿನೇಳರ ಮಗ್ಗಿ ಶುರು ಮಾಡಿಕೊಟ್ಟರೆ ಕೊನೆಯವರೆಗೂ ಒಂದೇ ಉಸಿರಿಗೆ ಒಪ್ಪಿಸುತ್ತಿದ್ದಳು, ದೇವರ ನಾಮ ಹೇಳಿದರೆ ಜೊತೆಗೆ ಹಾಡುತ್ತಿದ್ದಳು. ಎದುರಿಗಿಟ್ಟ ಲೋಟವನ್ನು ಮಾತ್ರ ಲೋಟ ಎನ್ನಲು ಬರುತ್ತಿರಲಿಲ್ಲ. ಬರೆಯಲು ಕೂತರೂ ಅದೇ ಗತಿ. ಪದ ಅಲ್ಲೇ ಎಲ್ಲೋ ಗಂಟಲ ಹತ್ತಿರ ಇದೆ ಎಂದು ಅವಳ ಮುಖ ನೋಡಿದರೆ ಗೊತ್ತಾಗುತ್ತಿತ್ತು. ನನಗೆ ತಡೆಯುತ್ತಿರಲಿಲ್ಲ. "ಲೋಟ, ಲೋಟ ಕಣೇ" ಎಂದುಬಿಡುತ್ತಿದ್ದೆ. ಅವಳು ಮುಖ ಆ ಕಡೆ ತಿರುಗಿಸುತ್ತಿದ್ದಳು.

ಮಾತಿನ ಚಿಕಿತ್ಸೆಗೆಂದು ಮೊದಲ ಸಲ ಕ್ಲಿನಿಕ್ಕಿಗೆ ಹೋದಾಗ ಹೊರಗಿನ ಬೆಂಚಿನಲ್ಲಿ ಕಾಯುತ್ತಿದ್ದೆವು. ಪಕ್ಕದಲ್ಲಿ ಕೂತಿದ್ದ ಹೆಂಗಸೊಬ್ಬರು ದಿಗ್ಗನೆ ಎದ್ದರು. "ಮೇಡಂ, ಗುರುತು ಸಿಕ್ತಾ? ನಾನು ನಿಮ್ಮ ಸ್ಟೂಡೆಂಟು. ಲಾಸ್ಟ್ ಬೆಂಚಲ್ಲಿ ಕೂತ್ಕೊಂಡು ಬೈಸ್ಕೋತಿದ್ನಲ್ಲ!" ನನ್ನವಳ ಮುಖ ಅರಳಿತು, ಬಾಯಿ ತೆರೆಯಿತು. "ಅದು... ಅದು... ಅದು..." ಎನ್ನುವುದು ಬಿಟ್ಟು ಬೇರೇನೂ ಬರಲಿಲ್ಲ. ಆ ಹೆಂಗಸಿನ ನಗು ಮೆಲ್ಲಗೆ ಇಳಿದದ್ದನ್ನು ನಾವಿಬ್ಬರೂ ನೋಡಿದೆವು. ಮರಳಿ ಬರುವಾಗ ಆಟೋದಲ್ಲಿ ಅವಳು ಸೆರಗಿನಿಂದ ಮುಖ ಮುಚ್ಚಿಕೊಂಡಿದ್ದಳು. ಆಮೇಲೆ ಮನೆಯ ಗೇಟು ದಾಟಲು ಒಪ್ಪಲಿಲ್ಲ. ನಾನು ಅವಳ ಚಪ್ಪಲಿ ತೆಗೆದಿಟ್ಟರೆ ಬಾಗಿಲ ಚೌಕಟ್ಟನ್ನು ಗಟ್ಟಿಯಾಗಿ ಹಿಡಿದು ನಿಲ್ಲುತ್ತಿದ್ದಳು.

ಹಾಗಾಗಿ ಉಳಿದ ದಾರಿ ವಿಡಿಯೋ ಕಾಲ್ ಒಂದೇ. ವಾರಕ್ಕೆರಡು ದಿನ ಬೆಳಿಗ್ಗೆ ಥೆರಪಿಸ್ಟ್ ಲ್ಯಾಪ್‌ಟಾಪಿನಲ್ಲಿ ಬರುತ್ತಿದ್ದರು. ಚಿಕ್ಕ ವಯಸ್ಸಿನವರು, ತಾಳ್ಮೆಯವರು. ಒಂದೊಂದೇ ಚಿತ್ರ ತೋರಿಸಿ ಇದೇನು ಎಂದು ಕೇಳುವುದು, ಅರ್ಧ ವಾಕ್ಯ ಹೇಳಿ ಪೂರ್ತಿ ಮಾಡಿಸುವುದು. ಮೊದಲ ದಿನವೇ ನಾನು ಪಕ್ಕದಲ್ಲಿ ಕೂತು ನಾಲ್ಕು ಚಿತ್ರಗಳ ಹೆಸರು ನಾನೇ ಹೇಳಿದೆ. ಹೆಂಡತಿ ಎದ್ದು ನನ್ನ ಭುಜ ಹಿಡಿದು ರೂಮಿನಿಂದ ಹೊರಗೆ ನೂಕಿ ಬಾಗಿಲು ಹಾಕಿಕೊಂಡಳು. ಆಮೇಲೆ ಪ್ರತಿಸಲವೂ ಬಾಗಿಲು ಮುಚ್ಚಿಯೇ ಇರುತ್ತಿತ್ತು. ಸದ್ದಾಗುತ್ತದೆ ಎಂದು ಫ್ಯಾನೂ ಹಾಕುತ್ತಿರಲಿಲ್ಲ. ನಾನು ಹಜಾರದಲ್ಲಿ ಈ ಗೋಡೆಯಿಂದ ಆ ಗೋಡೆಗೆ ನಡೆಯುತ್ತಿದ್ದೆ.

ನಮ್ಮಲ್ಲಿದ್ದದ್ದು ಹಳೆಯ ಟೆಲಿಫೋನ್ ತಂತಿಯ ಮೇಲೆ ಬರುವ ಇಂಟರ್‌ನೆಟ್. ಮಳೆ ಬಂದರೆ ಇಲ್ಲ, ಬಿಸಿಲು ಹೆಚ್ಚಾದರೆ ಇಲ್ಲ, ಎರಡೂ ಇಲ್ಲದಿದ್ದರೆ ಅದರ ಮರ್ಜಿ. ಪಾಠದ ಮಧ್ಯೆ ಥೆರಪಿಸ್ಟರ ಮುಖ ಬಾಯಿ ತೆರೆದ ಹಾಗೇ ನಿಂತುಹೋಗುತ್ತಿತ್ತು, ದನಿ ಬಾವಿಯೊಳಗಿಂದ ಬಂದ ಹಾಗೆ ಬರುತ್ತಿತ್ತು. ಆ ಕಡೆ ಅವರಿಗೂ ಇವಳು ಹಾಗೆಯೇ ಕಾಣುತ್ತಿದ್ದಳಂತೆ. ಒಂದು ದಿನ ಪಾಠ ಮುಗಿದ ಮೇಲೆ ನನ್ನನ್ನು ಕರೆದು ಹೇಳಿದರು. "ಸರ್, ಮೇಡಂ ತುಂಬಾ ಸಲ ಫ್ರೀಜ್ ಆಗ್ಬಿಡ್ತಾರೆ. ಪದ ಹುಡುಕ್ತಾ ಇದಾರಾ, ನೆಟ್ ನಿಂತಿದ್ಯಾ ಅಂತ ನಂಗೆ ಗೊತ್ತಾಗಲ್ಲ. ಗೊತ್ತಾಗ್ದಿದ್ರೆ ನಾನು ಹೇಗೆ ಹೇಳ್ಕೊಡ್ಲಿ? ಲೈನ್ ಸರಿ ಮಾಡಿಸ್ಕೊಳಿ. ಇಲ್ಲಾಂದ್ರೆ ಮೇಡಂನ ಡೈರೆಕ್ಟಾಗೇ ಕರ್ಕೊಂಡ್ ಬರ್ಬೇಕಾಗುತ್ತೆ."

ಡೈರೆಕ್ಟಾಗಿ ಎಂಬ ಮಾತು ಕೇಳಿದ್ದೇ ನನ್ನವಳು ನನ್ನ ತೋಳನ್ನು ಉಗುರೂರುವಂತೆ ಹಿಡಿದಳು. ಕ್ಲಿನಿಕ್ಕಿಗೆ ಅವಳು ಹೋಗುವುದಿಲ್ಲ, ನೆಟ್ ಇಲ್ಲದೆ ಅವರು ಇಲ್ಲಿಗೆ ಬರುವುದಿಲ್ಲ. ಅಂದರೆ ಮಾತು ಮರಳುವ ದಾರಿ ಈಗ ಆ ತಂತಿಯೊಳಗೆ ಸಿಕ್ಕಿಕೊಂಡಿತ್ತು. ನನಗೆ ಹೆದರಿಕೆಯಾಯಿತು. ನಿಜ ಹೇಳುತ್ತೇನೆ, ಹೆದರಿಕೆಯ ಅಡಿಯಲ್ಲಿ ಸ್ವಲ್ಪ ಖುಷಿಯೂ ಆಯಿತು. ಅವಳ ತಲೆಯೊಳಗಿನದಕ್ಕೆ ನಾನೇನೂ ಮಾಡಲಾರೆ, ತಂತಿಗಾದರೆ ಏನಾದರೂ ಮಾಡಬಹುದು.

ಮರುದಿನವೇ ಫೈಬರ್ ಹಾಕಿಸಿದೆ. ಬಂದವರಿಬ್ಬರು ಕಂಬದಿಂದ ತೆಳ್ಳಗಿನ ಕರಿ ವೈರು ಎಳೆದು, ಹಜಾರದ ಬೀದಿ ಕಡೆಯ ಮೂಲೆಯಲ್ಲಿ ಗೋಡೆ ಕೊರೆದರು. ರೂಮಿನವರೆಗೂ ತನ್ನಿ ಎಂದು ನಾನು ಪಟ್ಟು ಹಿಡಿದೆ. "ಆಗಲ್ಲ ಸಾರ್. ಅಷ್ಟೊಂದು ತಿರುವು ಕೊಟ್ರೆ ವೈರ್ ಮುರ್ದೋಯ್ತದೆ. ಒಳಗಿರೋದು ಗಾಜು. ವೈಫೈ ಇದ್ಯಲ್ಲ, ಮನೆಯೆಲ್ಲಾ ಬರ್ತದೆ ಬುಡಿ" ಎಂದರು. ಮೂಲೆಯಲ್ಲಿ ಸ್ಟೂಲಿನ ಮೇಲೆ ಬಿಳಿ ಮೋಡೆಮ್ ಕೂತಿತು. ಕೆಂಪು ದೀಪ ಆರಿ ಹಸಿರು ಹತ್ತಿತು. ಅವರು ಕಾಫಿ ಕುಡಿದು, ಪಾಸ್‌ವರ್ಡ್ ಹೇಳಿ ಹೊರಟರು.

ಮನೆಯೆಲ್ಲಾ ಬರುತ್ತದೆ ಎಂಬ ಮಾತನ್ನು ಹಾಗೇ ನಂಬುವ ಜಾತಿಯವನಲ್ಲ ನಾನು. ಅವರು ಗೇಟು ಹಾಕುವ ಮೊದಲೇ ಸರ್ವೆಗೆ ಇಳಿದೆ. ಹೆಂಡತಿಯ ಟ್ಯುಟೋರಿಯಲ್ ಚೀಲದಲ್ಲಿ ಸೀಮೆಸುಣ್ಣ ಇತ್ತು. ಕೈಯಲ್ಲಿ ಫೋನು ಹಿಡಿದು ನಿಂತಲ್ಲಿ ಸ್ಪೀಡ್ ಟೆಸ್ಟ್ ಮಾಡುವುದು, ಬಂದ ಅಂಕಿಯನ್ನು ನೆಲದ ಮೇಲೆ ಬರೆಯುವುದು, ಒಂದು ಹೆಜ್ಜೆ ಮುಂದೆ ಹೋಗಿ ಮತ್ತೆ ಅಳೆಯುವುದು. ನಮ್ಮದು ಹಳೆಯ ಮನೆ, ದಪ್ಪ ಗೋಡೆ, ಕೆಂಪು ಗಾರೆ ನೆಲ. ಸಂಜೆಯೊಳಗೆ ನೆಲದ ತುಂಬ ಬಿಳಿ ಅಂಕಿಗಳು. ಹಜಾರದಲ್ಲಿ ಭರ್ಜರಿ, ಊಟದ ಜಾಗದಲ್ಲಿ ಪರವಾಗಿಲ್ಲ, ರೂಮಿನ ಹೊಸ್ತಿಲು ದಾಟಿದರೆ ಪಾತಾಳ. ನಡುವೆ ನಿಂತಿದ್ದ ಕನ್ನಡಿ ಬಾಗಿಲಿನ ಸ್ಟೀಲ್ ಬೀರುವೇ ಅಡ್ಡಿ ಎಂದು ಪತ್ತೆಯಾಯಿತು. ಅದರೊಳಗಿನ ಸೀರೆಗಳನ್ನೆಲ್ಲ ಮಂಚದ ಮೇಲೆ ರಾಶಿ ಹಾಕಿ, ಬೀರುವನ್ನು ಒಬ್ಬನೇ ನೂಕಿ ಬೇರೆ ಗೋಡೆಗೆ ಒರಗಿಸಿದೆ. ಹೆಂಡತಿ ತಲೆ ಮೇಲೆ ಕೈಯಿಟ್ಟುಕೊಂಡು ಕೂತಿದ್ದಳು.

ಆ ಪೆಟ್ಟಿಗೆ ಎರಡು ಹೆಸರಿನಲ್ಲಿ ವೈಫೈ ಬಿಡುತ್ತಿತ್ತು. ಒಂದು ನಿಧಾನಿ, ಆದರೆ ಗೋಡೆ ದಾಟಿಕೊಂಡು ಹಿತ್ತಿಲವರೆಗೂ ಬರುತ್ತಿತ್ತು. ಇನ್ನೊಂದು ಚುರುಕು, ಆದರೆ ಗೋಡೆ ಕಂಡರೆ ಅಲ್ಲೇ ಕುಕ್ಕರಿಸುತ್ತಿತ್ತು. ಚುರುಕಾದದ್ದನ್ನೇ ಹೇಗಾದರೂ ಮಾಡಿ ರೂಮಿನೊಳಗೆ ತರಬೇಕೆಂಬ ಹಟ ನನಗೆ. ಮೋಡೆಮನ್ನು ಸ್ಟೂಲಿನಿಂದ ಗೂಡಿಗೆ, ಗೂಡಿನಿಂದ ಕಿಟಕಿಯ ಮೇಲಕ್ಕೆ ಏರಿಸಿ ನೋಡಿದೆ. ಕೊನೆಗೆ ಅಂಗಡಿಗೆ ಹೋಗಿ ನಾಲ್ಕು ಕೊಂಬಿನ ರೂಟರ್ ತಂದು ಮೋಡೆಮಿಗೆ ಜೋಡಿಸಿದೆ. ಕೊಂಬನ್ನು ಯಾವ ಕಡೆ ತಿರುಗಿಸಿದರೆ ರೂಮಿನಲ್ಲಿ ಎಷ್ಟು ಬರುತ್ತದೆ ಎಂದು ಓಡಿ ಓಡಿ ನೋಡಿದೆ. ಮಂಡಿ ನೋಯುತ್ತಿತ್ತು, ಆದರೂ ಓಡಾಟ ಬೇಕೆನಿಸುತ್ತಿತ್ತು. ಕಡೆಗೊಂದು ಬೆಳಿಗ್ಗೆ ಅವಳು ಕೂರುವ ಕುರ್ಚಿಯ ಮುಂದೆಯೇ ಸ್ಪೀಡ್ ಟೆಸ್ಟಿನ ಮುಳ್ಳು ಜಿಗಿದು ಬಲಗಡೆಯ ಅಂಚಿಗೆ ಹೋಯಿತು. ನಾನು ಗೆದ್ದೆ ಅಂದುಕೊಂಡೆ.

ಅವತ್ತಿನ ಪಾಠ ಮುಗಿಸಿ ಬಾಗಿಲು ತೆರೆದವಳು ಹೊರಗೆ ಬಂದು ಮೂಲೆಯ ರೂಟರ್ ಕಡೆ ಕೈ ತೋರಿಸಿದಳು. ಅಂಗೈ ತಿರುಗಿಸಿ ಇಲ್ಲ ಎಂದು ತಲೆಯಾಡಿಸಿದಳು. "ಮತ್ತೆ ನಿಂತೋಯ್ತಾ?" ಎಂದೆ. ಹೂಂ ಎಂದಳು. ಥೆರಪಿಸ್ಟ್ ಕೂಡ ಅದನ್ನೇ ಹೇಳಿದರು. ದನಿ ಈಗ ಚೆನ್ನಾಗಿದೆ, ಆದರೂ ಮೇಡಂ ಆಗಾಗ ಫ್ರೀಜ್ ಆಗುತ್ತಾರೆ.

ನನಗೆ ಮೈಯೆಲ್ಲ ಉರಿಯಿತು. ಕಸ್ಟಮರ್ ಕೇರಿಗೆ ಫೋನು ಮಾಡಿ ಜಗಳವಾಡಿದೆ. ಅವರು ಆಫ್ ಮಾಡಿ ಆನ್ ಮಾಡಿ ಎಂದರು, ಮಾಡಿದೆ. ಮತ್ತೆ ಮಾಡಿ ಎಂದರು, ಮತ್ತೆ ಮಾಡಿದೆ. ನಮ್ಮ ಕಡೆ ಎಲ್ಲಾ ಸರಿಯಾಗಿದೆ ಸಾರ್ ಎಂದರು. ನಾನು ಅಳೆದರೂ ಎಲ್ಲಾ ಸರಿಯಾಗಿಯೇ ಇತ್ತು. ಪಾಠದ ಸಮಯದಲ್ಲಿ ಮುಚ್ಚಿದ ಬಾಗಿಲಿಗೆ ಫೋನು ಒತ್ತಿ ಹಿಡಿದು ಅಳೆದೆ, ಆಗಲೂ ಮುಳ್ಳು ಬಲಗಡೆಯೇ. ಆದರೆ ಪಾಠ ಮುಗಿದರೆ ಅವಳು ಅದೇ ಅಂಗೈ ತಿರುಗಿಸುತ್ತಿದ್ದಳು. ಅಳತೆಗೆ ಸಿಕ್ಕದ ತಕರಾರು ನನ್ನ ಸರ್ವಿಸಿನಲ್ಲೇ ಬಂದಿರಲಿಲ್ಲ. ಊಟಕ್ಕೆ ಕೂತರೂ ಕಣ್ಣು ಆ ಹಸಿರು ದೀಪದ ಮೇಲೇ ಇರುತ್ತಿತ್ತು.

ಮಹಾಲಯ ಅಮಾವಾಸ್ಯೆ ಹತ್ತಿರ ಬಂದಾಗ ಥೆರಪಿಸ್ಟ್ ಕೊನೆಯ ಮಾತು ಹೇಳಿದರು. "ಸರ್, ನಂಗೂ ಬೇಜಾರೇ. ಆದ್ರೆ ಕಾಯ್ತಿರೋರು ತುಂಬಾ ಜನ ಇದಾರೆ. ನವರಾತ್ರಿಲಿ ಒಂದ್ಸಲ ನೋಡೋಣ. ಆಗ್ಲೂ ಹೀಗೇ ಆದ್ರೆ ಈ ಟೈಮನ್ನ ಬೇರೆಯವ್ರಿಗೆ ಕೊಡ್ಬೇಕಾಗುತ್ತೆ." ಹೆಂಡತಿ ಪಕ್ಕದಲ್ಲೇ ನಿಂತು ಕೇಳಿಸಿಕೊಂಡಳು. ಆ ದಿನವೆಲ್ಲ ಊಟ ಬಿಟ್ಟಳು.

ಪಾಡ್ಯದ ಹಿಂದಿನ ದಿನ ಬನ್ನಿಮಂಟಪದಿಂದ ನಾದಿನಿ ಬಂದಳು. ನನ್ನ ಹೆಂಡತಿಯ ತಂಗಿ, ಅವಳಷ್ಟೇ ಮಾತಿನವಳು, ಅವಳಿಗಿಂತ ಹೆಚ್ಚು ಗಡಿಬಿಡಿಯವಳು. ಅಕ್ಕನ ಕೈ ಸರಿಯಿಲ್ಲ, ಈ ವರ್ಷ ಗೊಂಬೆ ನಾನು ಕೂರಿಸಿ ಹೋಗುತ್ತೇನೆ ಎಂದಳು. ನನ್ನವಳು ಗೊಂಬೆಗೆ ಹೂಂ ಎಂದಳು, ಅಕ್ಕಪಕ್ಕದವರನ್ನು ಕರೆಯುವುದಕ್ಕೆ ಮಾತ್ರ ಬೇಡವೇ ಬೇಡ ಎಂದು ಕೈಯಾಡಿಸಿದಳು. ಪಾಡ್ಯದ ಬೆಳಿಗ್ಗೆ ನಾನು ಹೂವು, ಬಾಳೆಹಣ್ಣು ತರಲು ಮಾರ್ಕೆಟ್ಟಿಗೆ ಹೋದೆ. ದಸರಾ ಜನ, ದಸರಾ ಟ್ರಾಫಿಕ್ಕು, ಬೇಗ ಬರಲಾಗಲಿಲ್ಲ. ಬರುವ ಹೊತ್ತಿಗೆ ಹಜಾರದ ಮೂಲೆಯಲ್ಲಿ ಗೊಂಬೆ ಮೆಟ್ಟಿಲು ಎದ್ದಿತ್ತು. ಪ್ರತಿ ವರ್ಷದ ಹಾಗೆ ಕಬ್ಬಿಣದ ಟ್ರಂಕುಗಳ ಮೇಲೆ ಹಲಗೆ, ಹಲಗೆಯ ಮೇಲೆ ಬಿಳಿ ಪಂಚೆ. ಎಲ್ಲಕ್ಕಿಂತ ಮೇಲೆ ಪಟ್ಟದ ರಾಜ ರಾಣಿ, ಅವರ ಮುಂದೆ ಕಳಶ. ಕೆಳಗೆ ದೀಪ ಹಚ್ಚಿಯಾಗಿತ್ತು. ನೋಡಿ ನನಗೂ ಸಂತೋಷವಾಯಿತು. ಆಮೇಲೆ ಸ್ಟೂಲಿಗಾಗಿ ಹುಡುಕಿದೆ.

"ರೂಟರ್ ಎಲ್ಲಮ್ಮಾ?"

"ಒಳಗಿದೆ ಭಾವ. ಆ ಕರಿ ವೈರು ಎಳ್ದ್ರೆ ಬರ್ಲೇ ಇಲ್ಲ. ಅದ್ಕೇ ಎರಡೂ ಪೆಟ್ಟಿಗೇನ ಅಲ್ಲೇ ನೆಲದ್ಮೇಲಿಟ್ಟು, ಕೊಂಬು ಮಡ್ಸಿ, ಮೇಲೆ ಸ್ಟೀಲ್ ಕೊಳಗ ಕವುಚಿ ಹಾಕಿದೀನಿ. ಹಲಗೆ ಭಾರ ಬೀಳ್ಬಾರ್ದಲ್ಲ!"

ನೀರು ಕಾಯಿಸುವ ದೊಡ್ಡ ಕೊಳಗ, ಸುತ್ತ ಕಬ್ಬಿಣದ ಟ್ರಂಕು. ವೈಫೈಯನ್ನು ಇದಕ್ಕಿಂತ ಭದ್ರವಾಗಿ ಬಂಧಿಸಲು ಯಾವ ಇಂಜಿನಿಯರಿಗೂ ಆಗುತ್ತಿರಲಿಲ್ಲ. ರೂಮಿಗೆ ಓಡಿ ಫೋನು ನೋಡಿದೆ. ಸೊನ್ನೆ. ಹಜಾರದಲ್ಲೂ ಸೊನ್ನೆ. ಪಂಚೆಯ ಅಂಚಿಗೆ ಕೈ ಹಾಕಿದೆ.

"ಭಾವ! ಮುಟ್ಬೇಡಿ!" ನಾದಿನಿ ಕೂಗಿದಳು. "ಕಳಶ ಇಟ್ಬುಟ್ಟಿದೀನಿ, ಪೂಜೆ ಆಗಿದೆ. ಕೂತ ಗೊಂಬೇನ ದಶಮಿಗೆ ಮುಂಚೆ ಯಾರಾದ್ರೂ ಎಬ್ಬಿಸ್ತಾರಾ?"

"ನಾಳೆ ಬೆಳಿಗ್ಗೆ ನಿಮ್ಮಕ್ಕಂಗೆ ಪಾಠ ಇದೆ ಕಣಮ್ಮ. ಇದೇ ಕೊನೇ ಸಲ ಅಂದಿದಾರೆ."

"ಫೋನ್ ನೆಟ್‌ನಲ್ಲಿ ಮಾಡಿ."

ಫೋನಿನ ನೆಟ್ ನಮ್ಮ ಗೋಡೆಗಳೊಳಗೆ ಮೊದಲೇ ಅಷ್ಟಕ್ಕಷ್ಟೆ. ದಸರಾ ಶುರುವಾದರೆ ಊರಿಗೆ ಊರೇ ಫೋನು ಹಿಡಿದು ನಿಲ್ಲುವುದರಿಂದ ಅದೂ ಕೈಯೆತ್ತಿಬಿಡುತ್ತದೆ. ನನಗೆ ಶಾಸ್ತ್ರದ ಭಯ ಅಷ್ಟಿಲ್ಲ. ರಾಜ ರಾಣಿಯರಲ್ಲಿ ಕ್ಷಮೆ ಕೇಳಿ ಕೆಳಗಿಳಿಸಿಬಿಡುತ್ತಿದ್ದೆನೋ ಏನೋ. ಆದರೆ ನಾನು ಎರಡನೆಯ ಸಲ ಕೈ ಚಾಚಿದಾಗ ಹೆಂಡತಿ ಅಡ್ಡ ಬಂದು ನಿಂತಳು. ಈಗಾಗಲೇ ಮಾತು ಹೋಗಿದೆ, ಇನ್ನು ಇದನ್ನೂ ಕದಲಿಸಬೇಡಿ ಎನ್ನುವ ಹಾಗೆ ಇತ್ತು ಅವಳ ಮುಖ. ನಾನು ಕೈ ಹಿಂದೆಗೆದುಕೊಂಡೆ.

ನಾದಿನಿ ಸಂಜೆ ಹೊರಟುಹೋದಳು. ನಾನು ಮೆಟ್ಟಿಲ ಸುತ್ತ ಬೆಕ್ಕಿನ ಹಾಗೆ ಸುತ್ತಿದೆ. ಗೋಡೆಗೂ ಟ್ರಂಕಿಗೂ ನಡುವೆ ಒಂದು ತೋಳು ಹೋಗುವಷ್ಟು ಸಂದಿತ್ತು. ವೈರುಗಳು ನಜ್ಜಾಗಬಾರದೆಂದು ನಾದಿನಿ ಕೊಳಗದ ಅಂಚಿಗೆ ಇಟ್ಟಿಗೆ ಚೂರು ಕೊಟ್ಟಿದ್ದಳು, ಪುಣ್ಯಾತ್ಗಿತ್ತಿ. ರೂಟರ್ ಜೊತೆ ಬಂದಿದ್ದ ನೀಲಿ ಲ್ಯಾನ್ ಕೇಬಲ್ ನೆನಪಾಯಿತು. ವೈಫೈ ಬಾರದಿದ್ದರೇನು, ವೈರಿನಲ್ಲೇ ನೇರವಾಗಿ ಲ್ಯಾಪ್‌ಟಾಪಿಗೆ ಕೊಟ್ಟರಾಯಿತು. ನೆಲದ ಮೇಲೆ ಬೋರಲು ಮಲಗಿ ಸಂದಿಯಲ್ಲಿ ತೋಳು ತೂರಿಸಿದೆ. ಹೆಂಡತಿ ಎಡಗೈಯಲ್ಲಿ ಟಾರ್ಚ್ ಹಿಡಿದು ನಿಂತಳು. ಕೊಳಗದೊಳಗೆ ಬೆರಳಾಡಿಸಿ ರೂಟರಿನ ಬೆನ್ನನ್ನು ತಡವಿ, ಒಂದೊಂದೇ ತೂತು ಎಣಿಸಿ, ಕೇಬಲ್ಲಿನ ತುದಿಯನ್ನು ಒತ್ತಿದೆ. ಕೊಳಗ ಟಣ್ ಎಂದಿತು, ಮೇಲಿನ ಸಾಲಿನ ಶೆಟ್ಟಿ ಗೊಂಬೆ ಅಲ್ಲಾಡಿತು. ಅವಳು ಕಿಸಕ್ಕೆಂದು ನಕ್ಕಳು. ಬೇಸಿಗೆಯಿಂದೀಚೆಗೆ ಅವಳು ನಕ್ಕದ್ದು ಅದೇ ಮೊದಲು. ಆ ನಗುವಿಗೆ ನಾನು ಅಲ್ಲೇ ಇನ್ನೂ ಸ್ವಲ್ಪ ಹೊತ್ತು ಬೇಕೆಂದೇ ಮಲಗಿದ್ದೆ.

ಒತ್ತುವ ಭರದಲ್ಲಿ ಕೇಬಲ್ಲಿನ ತುದಿಯ ಪ್ಲಾಸ್ಟಿಕ್ ಕೊಕ್ಕೆ ಮುರಿದಿತ್ತು. ಕೈಯಲ್ಲಿ ಹಿಡಿದಿದ್ದರೆ ನೆಟ್ ಬರುತ್ತದೆ, ಬಿಟ್ಟರೆ ಜಾರುತ್ತದೆ. ಬೇರೆ ತರೋಣವೆಂದರೆ ರಾತ್ರಿಯಾಗಿ ಅಂಗಡಿಗಳೆಲ್ಲ ಬಾಗಿಲು ಹಾಕಿದ್ದವು, ಬೆಳಿಗ್ಗೆ ಪಾಠದ ಮೊದಲು ತೆರೆಯುವುದೂ ಇಲ್ಲ. ಇದ್ದದ್ದೂ ಗಿಡ್ಡ ವೈರು. ಲ್ಯಾಪ್‌ಟಾಪ್ ಗೊಂಬೆಗಳ ಪಕ್ಕದಲ್ಲೇ ಇರಬೇಕು, ಅವಳು ಅಲ್ಲೇ ಕೂರಬೇಕು, ಪಾಠ ಮುಗಿಯುವವರೆಗೂ ನಾನು ಸಂದಿಯಲ್ಲಿ ಕೈಯಿಟ್ಟು ಕೇಬಲ್ ಹಿಡಿದುಕೊಂಡೇ ಇರಬೇಕು. ಅದನ್ನು ಅವಳಿಗೆ ಹೇಳಿದಾಗ ಅವಳ ಮುಖ ಬಿಳಿಚಿಕೊಂಡಿತು. ಬೇಡ ಎಂದು ತಲೆಯಾಡಿಸಿದಳು. ನಾನು ಬಾಯಿ ಬಿಡುವುದಿಲ್ಲ ಎಂದು ಪಟ್ಟದ ಗೊಂಬೆಗಳ ಮುಂದೆ ಆಣೆ ಇಟ್ಟೆ. ನನ್ನ ಮಾತಿಗೇ ಹೆದರುತ್ತಿದ್ದಾಳೆ ಎಂದು ಅಂದುಕೊಂಡಿದ್ದೆ.

ಬೆಳಿಗ್ಗೆ ಪಾಠ ಶುರುವಾಯಿತು. ಗೊಂಬೆಗಳಿಗೆ ಬೆನ್ನು ಮಾಡಿ ಅವಳು ಕುರ್ಚಿಯಲ್ಲಿ ಕೂತಳು. ನಾನು ನೆಲದ ಮೇಲೆ ಗೋಡೆಗೊರಗಿ, ಒಂದು ತೋಳನ್ನು ಟ್ರಂಕಿನ ಹಿಂದೆ ತೂರಿಸಿ ಕೂತೆ. ಪರದೆ ಓರೆಯಾಗಿ ನನಗೂ ಕಾಣುತ್ತಿತ್ತು. ಥೆರಪಿಸ್ಟ್ ಎದುರಿಗೇ ಬಂದು ಕೂತಷ್ಟು ಸ್ವಚ್ಛ. "ಆಹಾ, ಹಿಂದೆ ಗೊಂಬೆ! ಎಷ್ಟು ಚೆನ್ನಾಗ್ ಕಾಣ್ತಿದೆ ಮೇಡಂ" ಎಂದರು. ಮೊದಲ ಚಿತ್ರ ಬಾಳೆಹಣ್ಣು. ತಡವಾದರೂ "ಹಣ್ಣು" ಎಂದಳು. ಎರಡನೆಯದು ಕೊಡ, ಅದಕ್ಕೆ "ನೀರು" ಎಂದಳು. ಪರವಾಗಿಲ್ಲ ಎಂದರು. ನನಗೆ ಕಾಲು ಜೋಮು ಹಿಡಿಯಿತು, ಮೂಗು ತುರಿಸಿತು, ಎದ್ದು ಓಡಬೇಕೆನಿಸಿತು. ತುಟಿ ಕಚ್ಚಿ ಕೂತೆ.

ಮೂರನೆಯ ಚಿತ್ರ ಏಣಿ.

ಗೋಡೆಗೆ ಒರಗಿಸಿಟ್ಟ ಏಣಿ. ಅವಳು ಎಷ್ಟು ತಲೆಮಾರಿನ ಹುಡುಗರಿಗೆ ಬೋರ್ಡಿನ ಮೇಲೆ ಆ ಏಣಿ ಬರೆದಿದ್ದಾಳೋ ಲೆಕ್ಕವಿಲ್ಲ. ಗೋಡೆ ಇಷ್ಟೆತ್ತರ, ಬುಡ ಇಷ್ಟು ದೂರ, ಏಣಿಯ ಉದ್ದವೆಷ್ಟು ಹೇಳ್ರೋ ಎಂದು ಅವಳು ಗದರುತ್ತಿದ್ದದ್ದು ನನಗೇ ಬಾಯಿಪಾಠ. "ಇದೇನು ಮೇಡಂ?" ಎಂದರು ಥೆರಪಿಸ್ಟ್. ಅವಳು ಬಾಯಿ ತೆರೆದಳು. ಹಾಗೇ ನಿಂತಳು.

ನಾನು ಕೇಬಲ್ಲನ್ನು ಇನ್ನೂ ಬಿಗಿಯಾಗಿ ಒತ್ತಿದೆ. ಪರದೆ ನೋಡಿದೆ. ಥೆರಪಿಸ್ಟ್ ಹಣೆಯ ಕೂದಲು ಹಿಂದಕ್ಕೆ ಸರಿಸಿಕೊಂಡರು, ಬಾಟಲಿಯಿಂದ ಒಂದು ಗುಟುಕು ನೀರು ಕುಡಿದರು. ಅಂದರೆ ನೆಟ್ ನಿಂತಿಲ್ಲ. ಹೆಂಡತಿಯ ಕಡೆ ನೋಡಿದೆ. ತುಟಿ ಅರ್ಧ ತೆರೆದಿದೆ, ಕಣ್ಣು ರೆಪ್ಪೆ ಹೊಡೆಯುತ್ತಿಲ್ಲ, ಉಸಿರನ್ನೂ ಹಿಡಿದಿದ್ದಾಳೆ. ಸೋತ ಬಲಗೈ ಕೂಡ ಕದಲದಂತೆ ಎಡಗೈಯಿಂದ ಅದುಮಿಕೊಂಡಿದ್ದಾಳೆ. ಹಿಂದಿನ ಸಾಲಿನಲ್ಲಿ ಕೂತಿದ್ದ ಗೊಂಬೆಗಳಿಗೂ ಅವಳಿಗೂ ವ್ಯತ್ಯಾಸವೇ ಇರಲಿಲ್ಲ.

ಆಗ ನನಗೆ ತಿಳಿಯಿತು. ಹಳೆಯ ತಂತಿಯ ಕಾಲದಲ್ಲಿ ನೆಟ್ ನಿಜವಾಗಿಯೇ ನಿಲ್ಲುತ್ತಿತ್ತು. ನಿಂತಾಗ ಥೆರಪಿಸ್ಟ್ "ಹೋಗ್ಲಿ ಮೇಡಂ, ಮುಂದಿನದು ನೋಡೋಣ" ಎನ್ನುತ್ತಿದ್ದರು. ಪದ ಬಾರದಿದ್ದಾಗ ಹೀಗೆ ಅಲ್ಲಾಡದೆ ಕೂತರೆ ಸಾಕು, ಯಾರೂ ಮರುಕದಿಂದ ನೋಡುವುದಿಲ್ಲ, ತಪ್ಪು ನೆಟ್ಟಿನದಾಗುತ್ತದೆ ಎಂದು ಅವಳು ಆಗ ಕಂಡುಕೊಂಡಿದ್ದಳು. ಬಾಗಿಲು ಮುಚ್ಚಿದ, ಫ್ಯಾನು ನಿಲ್ಲಿಸಿದ ಆ ರೂಮಿನಲ್ಲಿ ಅಲ್ಲಾಡುವಂಥದ್ದು ಬೇರೇನೂ ಇರಲಿಲ್ಲ. ನಾನು ಬೀರು ನೂಕಿದ್ದು, ನೆಲದ ತುಂಬ ಅಂಕಿ ಬರೆದದ್ದು, ಕಸ್ಟಮರ್ ಕೇರಿನೊಡನೆ ಕಿತ್ತಾಡಿದ್ದು ಎಲ್ಲ ಇದಕ್ಕೆ. ಪ್ರತಿಸಲವೂ ಹೊರಗೆ ಬಂದು ರೂಟರಿನ ಕಡೆ ಕೈ ತೋರಿಸಿದ್ದು ಇವಳೇ. ನನಗೆ ಸಿಟ್ಟು ಬಂತು. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ ಎಂಬ ಗಾದೆ ನಾಲಿಗೆಯ ತುದಿಗೆ ಬಂತು. ಮರುಗಳಿಗೆಯೇ ಆ ಗಾದೆಗೆ ನನಗೆ ನಾಚಿಕೆಯಾಯಿತು. ಲೋಕವನ್ನೆಲ್ಲ ಕುಣಿಸುತ್ತಿದ್ದವಳು ಇವಳು.

ಪರದೆಯ ಮೂಲೆಯ ಸಣ್ಣ ಚೌಕದಲ್ಲಿ ನಮ್ಮ ಕಡೆಯ ಚಿತ್ರ ಕಾಣುತ್ತಿತ್ತು. ಅವಳು ಅಲ್ಲಾಡುತ್ತಿರಲಿಲ್ಲ, ಅವಳ ಹಿಂದೆ ದೀಪ ಆಡುತ್ತಿತ್ತು. ನನಗೆ ಕಂಡದ್ದು ಥೆರಪಿಸ್ಟರಿಗೂ ಕಾಣುತ್ತಿದ್ದಿರಬೇಕು. ಅವರು ಏಣಿಯ ಚಿತ್ರವನ್ನು ಕೆಳಗಿಳಿಸಲಿಲ್ಲ, ಮುಂದಿನದು ನೋಡೋಣ ಎನ್ನಲೂ ಇಲ್ಲ. "ಸರ್, ಅಲ್ಲೇ ಇದೀರಲ್ಲ?" ಎಂದರು ಮೆಲ್ಲಗೆ. "ನೆಟ್ ಹೋಯ್ತಾ?"

ಕೈ ಒಂದಿಷ್ಟು ಸಡಿಲಿಸಿದರೆ ಸಾಕಿತ್ತು. ಕೇಬಲ್ ಜಾರುತ್ತಿತ್ತು, ಪರದೆ ನಿಜವಾಗಿಯೇ ನಿಲ್ಲುತ್ತಿತ್ತು, ಅವಳ ಮಾನ ಉಳಿಯುತ್ತಿತ್ತು. ಹಾಗೆ ಮಾಡಿದರೆ ಪಾಠ ಇವತ್ತಿಗೇ ಕೊನೆ. ಇಲ್ಲ, ಏಣಿ ಎಂದು ನಾನೇ ಹೇಳಿಬಿಡಬಹುದಿತ್ತು. ಆ ಎರಡಕ್ಷರ ಬಾಯಿತುಂಬ ಇತ್ತು. ಅವಳು ತಲೆ ತಿರುಗಿಸಲಿಲ್ಲ, ಕಣ್ಣು ಮಾತ್ರ ನನ್ನ ಕಡೆ ಹೊರಳಿದವು. ನಾನು 'ಹೂಂ, ಹೋಯ್ತು' ಎನ್ನುವುದೊಂದೇ ಆ ಕಣ್ಣಿಗೆ ಬೇಕಿತ್ತೆಂದು ನನಗೆ ಚೆನ್ನಾಗಿ ಗೊತ್ತಿತ್ತು.

"ಇಲ್ಲ" ಎಂದೆ ನಾನು. "ನೆಟ್ ಚೆನ್ನಾಗಿದೆ."

ಅವಳ ರೆಪ್ಪೆ ಬಡಿಯಿತು. ಹಿಡಿದಿದ್ದ ಉಸಿರು ಹೊರಗೆ ಬಂತು. ನಾನು ಮೋಸ ಮಾಡಿದೆ ಎನ್ನುವ ಹಾಗೆ ನೋಡಿದ ಆ ನೋಟ ನನಗೆ ಇವತ್ತಿಗೂ ಚುಚ್ಚುತ್ತದೆ. ಎದ್ದು ಹೋಗಿಬಿಡುತ್ತಾಳೆ ಅಂದುಕೊಂಡೆ. ಅವಳು ಎಡಗೈ ಚಾಚಿ ನನ್ನ ಇನ್ನೊಂದು ಕೈಯನ್ನು ಹಿಡಿದಳು, ಮುರಿಯುವಷ್ಟು ಬಿಗಿಯಾಗಿ. ಏಣಿಯ ಚಿತ್ರವನ್ನೇ ನೋಡುತ್ತ ಕೂತಳು. ಅಷ್ಟು ಹೊತ್ತು ನಾನು ಜನ್ಮದಲ್ಲೇ ಸುಮ್ಮನೆ ಕೂತವನಲ್ಲ. ಅವಳ ತುಟಿ ಕೂಡಿತು, ಬಿಟ್ಟಿತು, ಮತ್ತೆ ಕೂಡಿತು.

"ಗೊತ್ತು" ಎಂದಳು.

ಥೆರಪಿಸ್ಟ್ ಮುಂದಕ್ಕೆ ಬಾಗಿದರು.

"ಗೊತ್ತು. ಬರ್... ಬರ್ತಿಲ್ಲ."

ಬೇಸಿಗೆಯಿಂದ ನನಗಾಗಲಿ, ಅವಳ ತಂಗಿಗಾಗಲಿ, ಯಾರಿಗೂ ಅವಳು ಹೇಳದೆ ಇದ್ದ ಮಾತು ಅದು. ದನಿ ಎಲ್ಲೂ ಕಡಿಯದೆ ಆ ಕಡೆಯವರೆಗೂ ಹೋಯಿತು.

"ಸರಿ ಮೇಡಂ, ಬರಲಿ" ಎಂದರು ಥೆರಪಿಸ್ಟ್. "ನಂಗೇನೂ ಅವಸರ ಇಲ್ಲ. ಕಾಯ್ತೀನಿ."

ನನಗೆ ಅಳು ಬಂತು. ಒರೆಸಿಕೊಳ್ಳೋಣವೆಂದರೆ ಒಂದು ಕೈಯಲ್ಲಿ ವೈರಿತ್ತು, ಇನ್ನೊಂದನ್ನು ಅವಳು ಹಿಡಿದುಕೊಂಡಿದ್ದಳು.